‘ಡಿಎಲ್‌ಎಲ್ ಮಿಸ್ಸಿಂಗ್’ ಎಂದು ಬಂದರೆ ಫೈಲ್ ಡೌನ್‌ಲೋಡ್ ಮಾಡಿ ಹಾಕಿದರೆ ಸಾಕೇ?

‘ಓಸಿಐ ಡಾಟ್ ಡಿಎಲ್‌ಎಲ್ ಸಿಗುತ್ತಿಲ್ಲ ಎಂದು ಬರುತ್ತಿದೆಯೇ? ಚಿಂತೆ ಬಿಡಿ. ಈ ಲಿಂಕ್‌ನಿಂದ ಫೈಲ್ ಇಳಿಸಿಕೊಳ್ಳಿ, ಸಿಸ್ಟಮ್32 ಫೋಲ್ಡರ್‌ಗೆ ಪೇಸ್ಟ್ ಮಾಡಿ, ರೀಸ್ಟಾರ್ಟ್ ಮಾಡಿ.’ ಈ ಧಾಟಿಯ ಸಲಹೆಗಳು ಎರಡು ನಿಮಿಷದ ವಿಡಿಯೊಗಳಾಗಿ, ಸ್ಕ್ರೀನ್‌ಶಾಟ್‌ಗಳಾಗಿ ಗ್ರೂಪ್‌ನಿಂದ ಗ್ರೂಪ್‌ಗೆ ಹೋಗುತ್ತಲೇ ಇರುತ್ತವೆ. ಮನೆಯ ಕಂಪ್ಯೂಟರ್‌ನಲ್ಲಿ ಗೇಮ್ ತೆರೆಯದಿದ್ದಾಗಲೂ ಇದೇ ಸಲಹೆ, ಕಚೇರಿಯಲ್ಲಿ ರಾತ್ರಿ ನಡೆಯಬೇಕಿದ್ದ ಡೇಟಾ ಕೆಲಸ ನಿಂತಾಗಲೂ ಇದೇ ಸಲಹೆ. ಇದರ ಜೊತೆಗೆ ಇನ್ನೊಂದು ಮಾತೂ ಓಡಾಡುತ್ತದೆ: ‘ಡೇಟಾಬೇಸ್ ಹೋಗಿದೆ, ಎಲ್ಲ ಡೇಟಾ ಅಳಿಸಿದೆ.’

ಎರಡೂ ಬಹುಪಾಲು ತಪ್ಪು. ಮೊದಲನೆಯದು ಅಪಾಯಕಾರಿಯೂ ಹೌದು. ಆದರೆ ‘ಹಾಗೆ ಮಾಡಬೇಡಿ’ ಎಂದಷ್ಟೇ ಹೇಳಿದರೆ ಬೆಳಗಿನ ಜಾವ ಮೂರಕ್ಕೆ ಫೋನ್ ಬಂದು ಎದ್ದು ಕೂತ ಸಪೋರ್ಟ್ ಹುಡುಗನಿಗೆ ಏನೂ ಉಪಯೋಗವಿಲ್ಲ. ಆದ್ದರಿಂದ ಆ ಸಂದೇಶ ನಿಜಕ್ಕೂ ಏನು ಹೇಳುತ್ತಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಏನಿದು ಲೈಬ್ರರಿ?

ಹತ್ತು ಶಾಖೆಗಳಿರುವ ಒಂದು ಔಷಧ ಅಂಗಡಿಯನ್ನು ಊಹಿಸಿಕೊಳ್ಳಿ. ಪ್ರತಿ ಶಾಖೆಯ ಮಾರಾಟ, ದಾಸ್ತಾನು ಆಯಾ ಶಾಖೆಯ ಡೇಟಾಬೇಸ್‌ನಲ್ಲಿರುತ್ತದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ಪ್ರೋಗ್ರಾಮ್ ತಾನಾಗಿ ಎದ್ದು, ಒಂದೊಂದೇ ಡೇಟಾಬೇಸ್‌ನ ಬಾಗಿಲು ತಟ್ಟಿ, ಲೆಕ್ಕ ಎತ್ತಿಕೊಂಡು, ಒಂದೇ ಅಳತೆಗೆ ತಂದು, ಮುಖ್ಯ ಕಚೇರಿಯ ಡೇಟಾಬೇಸ್‌ಗೆ ತುಂಬುತ್ತದೆ. ಬೆಳಿಗ್ಗೆ ಮಾಲೀಕರು ಮೊಬೈಲ್‌ನಲ್ಲಿ ನೋಡುವ ರಿಪೋರ್ಟ್ ಇದರಿಂದ ಬಂದದ್ದು. ಈ ಕೆಲಸಕ್ಕೆ ಡೇಟಾ ಇಂಟಿಗ್ರೇಷನ್ ಎಂದು ಹೆಸರು. ಬ್ಯಾಂಕ್, ಆಸ್ಪತ್ರೆ, ವಿಮಾ ಕಂಪನಿ, ವಿಶ್ವವಿದ್ಯಾಲಯ ಎಲ್ಲೆಡೆಯೂ ಇಂಥ ರಾತ್ರಿಪಾಳಿಯ ಪ್ರೋಗ್ರಾಮ್‌ಗಳಿರುತ್ತವೆ. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಇವನ್ನು ಕಾಯುವುದೇ ಕೆಲಸವಾಗಿರುವ ಎಷ್ಟೋ ಮಂದಿ ಈ ಲೇಖನ ಓದುತ್ತಿರಬಹುದು.

ಈ ಪ್ರೋಗ್ರಾಮ್ ಡೇಟಾಬೇಸ್ ಜೊತೆ ನೇರವಾಗಿ ಮಾತಾಡುವುದಿಲ್ಲ. ಒರಾಕಲ್‌ನ ಮಾತಿನ ರೀತಿ ಬೇರೆ, ಮೈಎಸ್‌ಕ್ಯೂಎಲ್‌ನದು ಬೇರೆ, ಪೋಸ್ಟ್‌ಗ್ರೆಸ್‌ನದು ಇನ್ನೂ ಬೇರೆ. ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಕ್ಲೈಂಟ್ ಲೈಬ್ರರಿ. ಇದು ಡೇಟಾಬೇಸ್ ತಯಾರಿಸಿದವರೇ ಕೊಡುವ, ಸಿದ್ಧ ಕೋಡ್ ತುಂಬಿದ ಫೈಲ್. ವಿಂಡೋಸ್‌ನಲ್ಲಿ ಇಂಥ ಫೈಲ್‌ನ ಹೆಸರು ಡಿಎಲ್‌ಎಲ್ ಎಂದು ಮುಗಿಯುತ್ತದೆ. ಲಿನಕ್ಸ್‌ನಲ್ಲಿ ಎಸ್‌ಒ ಎಂದು, ಜಾವಾದಲ್ಲಿ ಜಾರ್ ಎಂದು. ಒರಾಕಲ್‌ನ ದುಭಾಷಿ ವಿಂಡೋಸ್‌ನಲ್ಲಿ ಓಸಿಐ, ಪೋಸ್ಟ್‌ಗ್ರೆಸ್‌ನದು ಲಿಬ್‌ಪಿಕ್ಯೂ, ಮೈಎಸ್‌ಕ್ಯೂಎಲ್‌ನದು ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್. ಇದು ಇರಬೇಕಾದದ್ದು ಡೇಟಾಬೇಸ್ ಇರುವ ಸರ್ವರ್‌ನಲ್ಲಿ ಅಲ್ಲ, ಪ್ರೋಗ್ರಾಮ್ ಓಡುವ ಕಂಪ್ಯೂಟರ್‌ನಲ್ಲಿ. ಗೊಂದಲ ಶುರುವಾಗುವುದು ಇಲ್ಲೇ.

ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಕುಕ್ಕರ್ ಇದೆ, ಅಕ್ಕಿ ಇದೆ, ಗ್ಯಾಸ್ ಉರಿಯುತ್ತಿದೆ, ಗ್ಯಾಸ್ಕೆಟ್ ಇಲ್ಲ. ಸೀಟಿ ಬರುವುದಿಲ್ಲ. ಅದಕ್ಕೆ ಅಕ್ಕಿಯನ್ನು ದೂರಿ ಪ್ರಯೋಜನವಿಲ್ಲ.

ಹಾಗಾದರೆ ಡೇಟಾ ಹೋಗಿಲ್ಲವೇ?

ಲೈಬ್ರರಿ ಸಿಗದಿದ್ದರೆ ಪ್ರೋಗ್ರಾಮ್ ಡೇಟಾಬೇಸ್‌ನ ಬಾಗಿಲವರೆಗೂ ಹೋಗಿರುವುದಿಲ್ಲ. ಪಾಸ್‌ವರ್ಡ್ ಕೂಡ ಕೊಟ್ಟಿರುವುದಿಲ್ಲ. ಆದ್ದರಿಂದ ಮೂಲ ಡೇಟಾಗೆ ಏನೂ ಆಗಿರುವುದಿಲ್ಲ. ಸರ್ವರ್ ಡೌನ್ ಆಗಿದ್ದರೆ, ಪಾಸ್‌ವರ್ಡ್ ತಪ್ಪಾಗಿದ್ದರೆ ಬರುವ ಸಂದೇಶಗಳೇ ಬೇರೆ. ‘ಕನೆಕ್ಷನ್ ಟೈಮ್‌ಔಟ್’, ‘ಲಾಗಿನ್ ಡಿನೈಡ್’ ಎಂದೆಲ್ಲ ಬರುತ್ತದೆ. ‘ಲೈಬ್ರರಿ ಲೋಡ್ ಆಗಲಿಲ್ಲ’ ಎಂದು ಬಂದರೆ ತೊಂದರೆ ಈ ಕಡೆಯದ್ದು.

ಆದರೂ ಒಂದು ಸಂದರ್ಭದಲ್ಲಿ ಎಚ್ಚರ ಬೇಕು, ಮತ್ತು ‘ಡೇಟಾ ಅಳಿಸಿದೆ’ ಎಂಬ ಫಾರ್ವರ್ಡ್ ಹುಟ್ಟುವುದು ಸಾಮಾನ್ಯವಾಗಿ ಇಲ್ಲಿಯೇ. ಎಷ್ಟೋ ಕೆಲಸಗಳನ್ನು ಹೀಗೆ ಬರೆದಿರುತ್ತಾರೆ: ಮೊದಲು ಮುಖ್ಯ ಕಚೇರಿಯ ಟೇಬಲ್‌ನಲ್ಲಿರುವ ಹಳೆಯ ಸಾಲುಗಳನ್ನೆಲ್ಲ ಅಳಿಸು, ಆಮೇಲೆ ಶಾಖೆಯಿಂದ ಹೊಸದನ್ನು ತಂದು ತುಂಬು. ಮುಖ್ಯ ಕಚೇರಿಯದು ಪೋಸ್ಟ್‌ಗ್ರೆಸ್, ಶಾಖೆಯದು ಒರಾಕಲ್ ಎಂದಿಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್‌ನ ಲೈಬ್ರರಿ ಸರಿಯಾಗಿದೆ, ಒರಾಕಲ್‌ನದು ಇಲ್ಲ. ಆಗ ಅಳಿಸುವ ಕೆಲಸ ಚೆನ್ನಾಗಿ ನಡೆಯುತ್ತದೆ, ತುಂಬುವ ಕೆಲಸ ಬೀಳುತ್ತದೆ. ಬೆಳಿಗ್ಗೆ ರಿಪೋರ್ಟ್ ತೆರೆದರೆ ಸಾಲು ಸಾಲು ಸೊನ್ನೆ. ಶಾಖೆಯ ಮೂಲ ಲೆಕ್ಕ ಅಲ್ಲೇ ಭದ್ರವಾಗಿರುತ್ತದೆ, ಲೈಬ್ರರಿ ಸರಿಪಡಿಸಿ ಕೆಲಸವನ್ನು ಮತ್ತೆ ಓಡಿಸಿದರೆ ಎಲ್ಲ ವಾಪಸ್ ಬರುತ್ತದೆ. ಆದರೆ ಸೊನ್ನೆ ನೋಡಿದವರಿಗೆ ಅದು ಗೊತ್ತಾಗುವುದು ಹೇಗೆ? ಆ ರಿಪೋರ್ಟ್ ನಂಬಿ ಯಾರಾದರೂ ಹೊಸ ಆರ್ಡರ್ ಹಾಕಿಬಿಟ್ಟರೆ ನಷ್ಟ ನಿಜವಾದದ್ದೇ. ಮೊದಲು ತಂದು ಬೇರೆ ಟೇಬಲ್‌ನಲ್ಲಿಟ್ಟು, ಎಲ್ಲ ಬಂದಿದೆ ಎಂದು ನೋಡಿಕೊಂಡ ಮೇಲೆ ಹಳೆಯದನ್ನು ಬದಲಿಸುವುದು ಇದಕ್ಕೆ ಸರಿಯಾದ ಕ್ರಮ. ಇದು ಗೊತ್ತಿದ್ದೂ ಅವಸರದಲ್ಲಿ ಬಿಡುವವರೇ ಹೆಚ್ಚು ಎಂಬುದು ನನ್ನ ಅನಿಸಿಕೆ.

ಫೈಲ್ ಅಲ್ಲೇ ಇದೆ, ಆದರೂ ‘ಇಲ್ಲ’ ಎನ್ನುತ್ತದಲ್ಲ?

ಇದು ಎಲ್ಲರನ್ನೂ ತಲೆ ಕೆರೆದುಕೊಳ್ಳುವಂತೆ ಮಾಡುವ ಪ್ರಶ್ನೆ. ಫೋಲ್ಡರ್ ತೆರೆದರೆ ಫೈಲ್ ಕಣ್ಣೆದುರೇ ಇರುತ್ತದೆ. ಪ್ರೋಗ್ರಾಮ್ ಮಾತ್ರ ‘ಸಿಗಲಿಲ್ಲ’ ಎಂದು ಹಟ ಹಿಡಿಯುತ್ತದೆ.

ಕಾರಣವೇನೆಂದರೆ, ‘ಇಲ್ಲ’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ತೊಂದರೆಗಳಿರುತ್ತವೆ. ವಿಂಡೋಸ್ ಇದನ್ನು ಸಂಖ್ಯೆಗಳಲ್ಲಿ ಹೇಳುತ್ತದೆ, ಆ ಸಂಖ್ಯೆಯನ್ನು ನೋಡುವವರು ಕಡಿಮೆ. 126 ಎಂದು ಬಂದರೆ ಫೈಲ್ ಸಿಗಲಿಲ್ಲ, ಅಥವಾ ಆ ಫೈಲ್ ಅವಲಂಬಿಸಿರುವ ಇನ್ನೊಂದು ಫೈಲ್ ಸಿಗಲಿಲ್ಲ ಎಂದರ್ಥ. 193 ಎಂದರೆ ಫೈಲ್ ಸಿಕ್ಕಿದೆ, ಆದರೆ ಅದರ ಜಾತಿಯೇ ಬೇರೆ. ಸಾಮಾನ್ಯವಾಗಿ 32 ಬಿಟ್ ಮತ್ತು 64 ಬಿಟ್ ಅದಲುಬದಲಾಗಿರುತ್ತದೆ. 127 ಎಂದರೆ ಫೈಲ್ ಸಿಕ್ಕಿದೆ, ಆದರೆ ಕೇಳಿದ ಕೆಲಸ ಅದರಲ್ಲಿಲ್ಲ. ಹೆಚ್ಚಾಗಿ ಆವೃತ್ತಿ ಹೊಂದುತ್ತಿಲ್ಲ. ಮೂರಕ್ಕೂ ಪರಿಹಾರ ಬೇರೆ. ಮೂರಕ್ಕೂ ‘ಡೌನ್‌ಲೋಡ್ ಮಾಡಿ ಪೇಸ್ಟ್ ಮಾಡಿ’ ಎನ್ನುವುದು ಜ್ವರ ಯಾವುದೆಂದು ನೋಡದೆ ಒಂದೇ ಮಾತ್ರೆ ಕೊಟ್ಟಂತೆ.

126ರ ಒಂದು ಸಾಮಾನ್ಯ ಉದಾಹರಣೆ ನೋಡಿ. ಮೈಎಸ್‌ಕ್ಯೂಎಲ್‌ನ ಓಡಿಬಿಸಿ ಡ್ರೈವರ್ ಆಗಲಿ, ಒರಾಕಲ್‌ನ ಇನ್‌ಸ್ಟಂಟ್ ಕ್ಲೈಂಟ್ ಆಗಲಿ, ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಇನ್ನೊಂದು ಪ್ಯಾಕೇಜನ್ನು ಬೇಡುತ್ತವೆ. ಹೊಸ ಸರ್ವರ್‌ನಲ್ಲಿ ಅದು ಇರುವುದಿಲ್ಲ. ಆಗ ಸಂದೇಶ ಬೊಟ್ಟು ಮಾಡುವುದು ಡೇಟಾಬೇಸ್ ಡ್ರೈವರ್ ಕಡೆಗೆ, ಇಲ್ಲದಿರುವುದು ಅದರ ಹಿಂದಿನ ಫೈಲ್. ಡ್ರೈವರನ್ನು ಹತ್ತು ಸಲ ಅಳಿಸಿ ಹಾಕಿದರೂ ಏನೂ ಬದಲಾಗುವುದಿಲ್ಲ. ಮೈಕ್ರೋಸಾಫ್ಟ್‌ನ ಸ್ವಂತ ಸೈಟಿನಿಂದ ಆ ಪ್ಯಾಕೇಜ್ ಹಾಕಿದರೆ ಐದು ನಿಮಿಷದ ಕೆಲಸ.

32 ಮತ್ತು 64ರ ಜಗಳ ಇನ್ನೂ ಸ್ವಾರಸ್ಯವಾಗಿದೆ. ಒಂದು ಪ್ರೋಗ್ರಾಮ್ 64 ಬಿಟ್‌ನದಾಗಿದ್ದರೆ ಅದು 32 ಬಿಟ್ ಲೈಬ್ರರಿಯನ್ನು ಒಳಗೆ ಸೇರಿಸಿಕೊಳ್ಳಲಾರದು. ಐದು ಲೀಟರ್ ಕುಕ್ಕರ್‌ಗೆ ಮೂರು ಲೀಟರ್‌ನ ಗ್ಯಾಸ್ಕೆಟ್ ತಂದಂತೆ, ವಸ್ತು ಇದೆ, ಕೂರುವುದಿಲ್ಲ. ಈಗ ಸಿಸ್ಟಮ್32 ಫೋಲ್ಡರ್‌ಗೆ ಬನ್ನಿ. ಹೆಸರು ನೋಡಿದರೆ 32 ಬಿಟ್ ಫೈಲ್‌ಗಳ ಜಾಗ ಅನಿಸುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ ಅದು 64 ಬಿಟ್ ಫೈಲ್‌ಗಳ ಜಾಗ! 32 ಬಿಟ್ ಫೈಲ್‌ಗಳು ಇರುವುದು ಸಿಸ್‌ವೌ64 ಎಂಬ ಫೋಲ್ಡರ್‌ನಲ್ಲಿ. ಹಳೆಯ ಪ್ರೋಗ್ರಾಮ್‌ಗಳು ಕೆಡಬಾರದೆಂದು ಮೈಕ್ರೋಸಾಫ್ಟ್ ಹೀಗೆ ಉಲ್ಟಾ ಹೆಸರಿಟ್ಟುಕೊಂಡಿತು. ಅಷ್ಟೇ ಅಲ್ಲ, 32 ಬಿಟ್ ಪ್ರೋಗ್ರಾಮ್ ಸಿಸ್ಟಮ್32 ಒಳಗೆ ಹುಡುಕಿದರೆ ವಿಂಡೋಸ್ ಸದ್ದಿಲ್ಲದೆ ಅದನ್ನು ಸಿಸ್‌ವೌ64 ಕಡೆಗೆ ತಿರುಗಿಸುತ್ತದೆ. ಅಂದರೆ ಫಾರ್ವರ್ಡ್‌ನಲ್ಲಿ ಹೇಳಿದಂತೆ ನೀವು ಶ್ರದ್ಧೆಯಿಂದ ಸಿಸ್ಟಮ್32ಗೆ ಪೇಸ್ಟ್ ಮಾಡಿದ ಫೈಲ್ ಆ ಪ್ರೋಗ್ರಾಮ್‌ನ ಕಣ್ಣಿಗೇ ಬೀಳದಿರಬಹುದು.

ಮೈಕ್ರೋಸಾಫ್ಟ್‌ನ ಎಸ್‌ಎಸ್‌ಐಎಸ್ ಬಳಸುವವರಿಗೆ ಈ ಗೋಳು ಚೆನ್ನಾಗಿ ಗೊತ್ತು. ಕೆಲಸವನ್ನು ವಿನ್ಯಾಸ ಮಾಡುವ ವಿಷುವಲ್ ಸ್ಟುಡಿಯೊ 2021ರ ಕೊನೆಯಲ್ಲಿ ಬಂದ 2022 ಆವೃತ್ತಿಯವರೆಗೂ 32 ಬಿಟ್‌ನದೇ ಆಗಿತ್ತು. ಸರ್ವರ್‌ನಲ್ಲಿ ಓಡುವುದು ಸಾಮಾನ್ಯವಾಗಿ 64 ಬಿಟ್‌ನಲ್ಲಿ. ತಮ್ಮ ಕಂಪ್ಯೂಟರ್‌ನಲ್ಲಿ ಎಲ್ಲ ಸರಿಯಾಗಿ ನಡೆದ ಕೆಲಸ ಸರ್ವರ್‌ಗೆ ಹೋದ ಕೂಡಲೇ ‘ಪ್ರೊವೈಡರ್ ನೋಂದಣಿಯಾಗಿಲ್ಲ’ ಎಂದು ಬೀಳುತ್ತಿತ್ತು. ಓಡಿಬಿಸಿ ಹೊಂದಿಸುವ ಕಿಟಕಿಯೂ ವಿಂಡೋಸ್‌ನಲ್ಲಿ ಎರಡಿವೆ, 32ಕ್ಕೆ ಒಂದು, 64ಕ್ಕೆ ಒಂದು. ಎರಡರ ಫೈಲ್‌ನ ಹೆಸರೂ ಒಂದೇ, ಓಡಿಬಿಸಿಎಡಿ32. ಒಂದರಲ್ಲಿ ಹೊಂದಿಸಿ ಇನ್ನೊಂದರಲ್ಲಿ ಹುಡುಕುವವರನ್ನು ತಪ್ಪು ಎನ್ನಲಾಗದು.

2038ರ ತೊಂದರೆ 2024ರಲ್ಲೇ ಬಂದ ಕಥೆ

ಲಿನಕ್ಸ್‌ನಲ್ಲಿ ನಡೆದ ಒಂದು ನಿಜವಾದ ಪ್ರಕರಣ ಈ ವಿಷಯವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ.

ಕಂಪ್ಯೂಟರ್‌ಗಳು ಸಮಯವನ್ನು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಎಂದು ಎಣಿಸಿ ಇಟ್ಟುಕೊಳ್ಳುತ್ತವೆ. ಹಳೆಯ 32 ಬಿಟ್ ಪದ್ಧತಿಯಲ್ಲಿ ಈ ಎಣಿಕೆಗೆ ಮಿತಿ ಇದೆ. 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್‌ಗೆ ಅಂಕಿ ತುಂಬಿಹೋಗುತ್ತದೆ. ಮರುಕ್ಷಣ ಎಣಿಕೆ ಹಿಂದಕ್ಕೆ, 1901ನೇ ಇಸವಿಗೆ ಜಿಗಿಯುತ್ತದೆ. ಹಳೆಯ ಸ್ಕೂಟರ್‌ನ ಕಿಲೋಮೀಟರ್ ಮೀಟರ್ ಪೂರ್ತಿ ಸುತ್ತಿ ಮತ್ತೆ ಸೊನ್ನೆಗೆ ಬರುತ್ತಿತ್ತಲ್ಲ, ಹೆಚ್ಚುಕಡಿಮೆ ಹಾಗೆ. (ಇದರ ಬಗ್ಗೆಯೂ ‘ಲೋಕವೇ ನಿಲ್ಲುತ್ತದೆ’ ಎಂಬ ಫಾರ್ವರ್ಡ್‌ಗಳಿವೆ, ಅದನ್ನು ಇನ್ನೊಮ್ಮೆ ನೋಡೋಣ.)

ಇದನ್ನು ಮುಂಚೆಯೇ ಸರಿಪಡಿಸಲು ಡೆಬಿಯನ್ ಮತ್ತು ಉಬುಂಟು ತಂಡಗಳು ಸಮಯದ ಎಣಿಕೆಯನ್ನು 64 ಬಿಟ್‌ಗೆ ಬದಲಿಸಿದವು. ಬದಲಾದ ಲೈಬ್ರರಿಗಳ ಪ್ಯಾಕೇಜ್ ಹೆಸರಿಗೆ ಟಿ64 ಎಂಬ ಬಾಲ ಸೇರಿಸಿದರು. ಬಹುತೇಕ ಲೈಬ್ರರಿಗಳಲ್ಲಿ ಪ್ಯಾಕೇಜ್‌ನ ಹೆಸರು ಮಾತ್ರ ಬದಲಾಯಿತು, ಒಳಗಿನ ಫೈಲ್‌ನ ಹೆಸರು ಹಾಗೇ ಉಳಿಯಿತು. ಆದರೆ ಲಿಬ್‌ಎಐಒ ಎಂಬ ಪುಟ್ಟ ಲೈಬ್ರರಿಯಲ್ಲಿ ಫೈಲ್‌ನ ಹೆಸರೇ ಬದಲಾಯಿತು. ಮೊದಲು ‘ಲಿಬ್‌ಎಐಒ ಡಾಟ್ ಎಸ್‌ಒ ಡಾಟ್ 1’ ಎಂದಿದ್ದದ್ದು 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ರಲ್ಲಿ ‘1ಟಿ64’ ಎಂದಾಯಿತು.

ಇದಕ್ಕೂ ಡೇಟಾ ಕೆಲಸಕ್ಕೂ ಏನು ಸಂಬಂಧ? ಒರಾಕಲ್‌ನ ಇನ್‌ಸ್ಟಂಟ್ ಕ್ಲೈಂಟ್ ಒಳಗೊಳಗೆ ಇದೇ ಲಿಬ್‌ಎಐಒವನ್ನು ಹಳೆಯ ಹೆಸರಿನಿಂದಲೇ ಕರೆಯುತ್ತದೆ. ಉಬುಂಟು 22.04ರಲ್ಲಿ ವರ್ಷಗಟ್ಟಲೆ ಸುಮ್ಮನೆ ಓಡುತ್ತಿದ್ದ ಕೆಲಸವನ್ನು 24.04ಕ್ಕೆ ತಂದರೆ ‘ಡಿಪಿಐ-1047: 64 ಬಿಟ್ ಒರಾಕಲ್ ಕ್ಲೈಂಟ್ ಲೈಬ್ರರಿ ಸಿಗಲಿಲ್ಲ’ ಎಂದು ಬರುತ್ತದೆ. ಒರಾಕಲ್ ಕ್ಲೈಂಟ್ ಇದ್ದ ಜಾಗದಲ್ಲೇ ಇದೆ. ಇಲ್ಲದಿರುವುದು ಅದು ಕರೆಯುವ ಹಳೆಯ ಹೆಸರಿನ ಫೈಲ್. ಮದುವೆಯಾಗಿ ಹೆಸರು ಬದಲಿಸಿಕೊಂಡ ಗೆಳತಿಯನ್ನು ಹಳೆಯ ಹೆಸರಿನಲ್ಲಿ ಕಾಂಟ್ಯಾಕ್ಟ್ ಲಿಸ್ಟ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲವಲ್ಲ!

ಪರಿಹಾರ ಒಂದು ಸಾಲಿನದು. ಹೊಸ ಹೆಸರಿನ ಫೈಲ್‌ಗೆ ಹಳೆಯ ಹೆಸರಿನ ಒಂದು ಕೊಂಡಿಯನ್ನು ಅದೇ ಫೋಲ್ಡರ್‌ನಲ್ಲಿ ಸೃಷ್ಟಿಸಿದರೆ ಆಯಿತು, ಎಲ್‌ಎನ್ ಎಂಬ ಕಮಾಂಡ್ ಅದಕ್ಕೇ ಇರುವುದು. 64 ಬಿಟ್ ಯಂತ್ರಗಳಲ್ಲಿ ಸಮಯದ ಎಣಿಕೆ ಮೊದಲಿಂದಲೂ 64 ಬಿಟ್‌ನದೇ ಆಗಿರುವುದರಿಂದ ಹೆಸರು ಬದಲಾದರೂ ಒಳಗಿನ ಕೆಲಸ ಬದಲಾಗಿಲ್ಲ, ಹೀಗಾಗಿ ಈ ಕೊಂಡಿಯಿಂದ ತೊಂದರೆಯಿಲ್ಲ. ಡೆಬಿಯನ್ 13ರಲ್ಲೂ ಇದೇ ಕಥೆ. ಡಾಕರ್ ಬಳಸುವವರು ಇದನ್ನು ಗಮನಿಸಬೇಕು. ಯಾವ ಆವೃತ್ತಿ ಬೇಕೆಂದು ಸ್ಪಷ್ಟವಾಗಿ ಬರೆಯದೆ ‘ಇತ್ತೀಚಿನದು ಕೊಡು’ ಎಂದು ಬರೆದಿಟ್ಟರೆ, ಯಾರೂ ಕೋಡ್ ಮುಟ್ಟದಿದ್ದರೂ ಮುಂದಿನ ಸಲ ಕಟ್ಟುವಾಗ ಕೆಳಗಿನ ಆಪರೇಟಿಂಗ್ ಸಿಸ್ಟಮ್ ಬದಲಾಗಿರುತ್ತದೆ. ‘ನಾವು ಏನೂ ಮಾಡಿಲ್ಲ, ತಾನಾಗಿ ಕೆಟ್ಟಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಬೇರೊಂದು ಅಂಶ. ಡಿಪಿಐ-1047 ಸಂದೇಶದ ಮೊದಲ ಅರ್ಧ ಒರಾಕಲ್ ಹೆಸರು ಹೇಳುತ್ತದೆ, ಎರಡನೇ ಅರ್ಧದಲ್ಲಿ ಲಿಬ್‌ಎಐಒ ಹೆಸರಿರುತ್ತದೆ. ಗ್ರೂಪ್‌ಗೆ ಬರುವ ಸ್ಕ್ರೀನ್‌ಶಾಟ್‌ನಲ್ಲಿ ಎರಡನೇ ಅರ್ಧ ಕತ್ತರಿಸಿಹೋಗಿರುತ್ತದೆ. ಸುಳ್ಳು ಸುದ್ದಿಗಳ ಪರಿಶೀಲನೆಯಲ್ಲಿ ನಾವು ಮತ್ತೆ ಮತ್ತೆ ಕಾಣುವ ಕತ್ತರಿಸಿದ ವಿಡಿಯೊಗಳ ಹಾಗೆಯೇ, ಇಲ್ಲಿಯೂ ಉತ್ತರ ಇರುವುದು ಕತ್ತರಿಸಿದ ಭಾಗದಲ್ಲಿ.

ಕೈಯಿಂದ ಓಡಿಸಿದರೆ ಸರಿ, ರಾತ್ರಿ ಮಾತ್ರ ಫೇಲ್

ಕೆಲವರು ಇದಕ್ಕೆ ‘ರಾತ್ರಿ ಸರ್ವರ್ ಮೇಲೆ ಲೋಡ್ ಜಾಸ್ತಿ’ ಎಂದು ಕಾರಣ ಕೊಡುತ್ತಾರೆ. ಲೋಡ್‌ಗೂ ಇದಕ್ಕೂ ಸಂಬಂಧವಿಲ್ಲ. ನೀವು ಲಾಗಿನ್ ಆದಾಗ ನಿಮ್ಮ ಸೆಟ್ಟಿಂಗ್ ಫೈಲ್‌ಗಳು ಓದಲ್ಪಡುತ್ತವೆ. ಲೈಬ್ರರಿಗಳು ಎಲ್ಲಿವೆ ಎಂದು ತಿಳಿಸುವ ವಿಳಾಸ ಸಾಮಾನ್ಯವಾಗಿ ಅಲ್ಲಿರುತ್ತದೆ. ಲಿನಕ್ಸ್‌ನಲ್ಲಿ ಅದರ ಹೆಸರು ಎಲ್‌ಡಿ ಲೈಬ್ರರಿ ಪಾತ್, ವಿಂಡೋಸ್‌ನಲ್ಲಿ ಬರೀ ಪಾತ್. ರಾತ್ರಿ ಕೆಲಸವನ್ನು ಎಬ್ಬಿಸುವ ಕ್ರಾನ್ ನಿಮ್ಮ ಸೆಟ್ಟಿಂಗ್‌ಗಳನ್ನು ಓದುವುದಿಲ್ಲ, ತೀರಾ ಸರಳವಾದ ಪರಿಸರದಲ್ಲಿ ಕೆಲಸ ಶುರು ಮಾಡುತ್ತದೆ. ಲೈಬ್ರರಿ ಇದೆ, ಅದರ ವಿಳಾಸ ಹೇಳುವವರಿಲ್ಲ. ಜೊತೆಗೆ ರಾತ್ರಿ ಕೆಲಸ ಬಹಳ ಸಲ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಲೈಬ್ರರಿಯನ್ನು ನಿಮ್ಮ ಸ್ವಂತ ಹೋಮ್ ಫೋಲ್ಡರ್‌ನಲ್ಲಿಟ್ಟಿದ್ದರೆ ಆ ಬಳಕೆದಾರನಿಗೆ ಅದನ್ನು ಓದುವ ಅನುಮತಿಯೇ ಇರದಿರಬಹುದು.

ಇದಕ್ಕೆ ಗಟ್ಟಿ ಪರಿಹಾರ, ಲೈಬ್ರರಿಯ ಫೋಲ್ಡರನ್ನು ಇಡೀ ಯಂತ್ರಕ್ಕೆ ಪರಿಚಯಿಸುವುದು. ಲಿನಕ್ಸ್‌ನಲ್ಲಿ ಆ ಫೋಲ್ಡರ್ ಹೆಸರನ್ನು ಎಲ್‌ಡಿ ಡಾಟ್ ಎಸ್‌ಒ ಡಾಟ್ ಕಾನ್ಫ್ ಡಾಟ್ ಡಿ ಎಂಬಲ್ಲಿ ಒಂದು ಫೈಲ್ ಮಾಡಿ ಬರೆದು, ಎಲ್‌ಡಿಕಾನ್ಫಿಗ್ ನಡೆಸಿದರೆ ಎಲ್ಲ ಬಳಕೆದಾರರಿಗೂ ಅದು ಕಾಣುತ್ತದೆ. ಪ್ರೋಗ್ರಾಮ್ ಶುರುವಾದ ಮೇಲೆ ಒಳಗಿಂದ ಎಲ್‌ಡಿ ಲೈಬ್ರರಿ ಪಾತ್ ಬದಲಿಸಿದರೆ ಪ್ರಯೋಜನವಿಲ್ಲ, ಲಿನಕ್ಸ್ ಅದನ್ನು ಆರಂಭದಲ್ಲಿ ಒಮ್ಮೆ ಮಾತ್ರ ನೋಡುತ್ತದೆ. ವಿಂಡೋಸ್‌ನಲ್ಲೂ ಪಾತ್ ಬದಲಿಸಿದ ಮೇಲೆ ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗೆ ಅದು ತಿಳಿಯಬೇಕಾದರೆ ಸರ್ವಿಸನ್ನು, ಕೆಲವೊಮ್ಮೆ ಇಡೀ ಯಂತ್ರವನ್ನೇ ರೀಸ್ಟಾರ್ಟ್ ಮಾಡಬೇಕು. ‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ನಗೆಪಾಟಲಿನ ಸಲಹೆ ಇಲ್ಲಿ ಮಾತ್ರ ಸಕಾರಣ.

ಕಂಪನಿಯವರೇ ಜೊತೆಗೆ ಯಾಕೆ ಕೊಡುವುದಿಲ್ಲ?

ಇಷ್ಟು ರಗಳೆಯ ಬದಲು ಡೇಟಾ ಟೂಲ್ ಜೊತೆಗೇ ಎಲ್ಲ ಡ್ರೈವರ್ ಕೊಡಬಹುದಲ್ಲ? ಕೆಲವೊಮ್ಮೆ ಕೊಡುತ್ತಾರೆ. ಕೊಡದಿದ್ದಾಗ ಕಾರಣ ತಾಂತ್ರಿಕಕ್ಕಿಂತ ಹೆಚ್ಚಾಗಿ ಲೈಸೆನ್ಸ್‌ನದು. ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್ ಜಿಪಿಎಲ್ ಲೈಸೆನ್ಸ್‌ನಲ್ಲಿದೆ. ಅಪಾಚೆ ಸಂಸ್ಥೆಯ ನಿಯಮದ ಪ್ರಕಾರ ಅದರ ಯೋಜನೆಗಳು ಜಿಪಿಎಲ್ ಕೋಡನ್ನು ತಮ್ಮ ಜೊತೆ ಹಂಚುವಂತಿಲ್ಲ. ಆದ್ದರಿಂದಲೇ ಅಪಾಚೆ ಸ್ಕೂಪ್ ಬಳಸಿದವರೆಲ್ಲ ಮೊದಲ ದಿನವೇ ‘ಡ್ರೈವರ್ ಕ್ಲಾಸ್ ಲೋಡ್ ಆಗಲಿಲ್ಲ’ ಎಂಬ ಸಂದೇಶ ನೋಡಿ, ಮೈಎಸ್‌ಕ್ಯೂಎಲ್‌ನ ಜಾರ್ ಫೈಲನ್ನು ಲಿಬ್ ಫೋಲ್ಡರ್‌ಗೆ ತಾವೇ ಹಾಕುತ್ತಿದ್ದರು. ಪೆಂಟಾಹೋದಲ್ಲೂ ಅಷ್ಟೇ. ಜಾರ್ ಹಾಕಿದ ಮೇಲೆ ಟೂಲನ್ನು ಮುಚ್ಚಿ ತೆರೆಯಬೇಕು. ಡ್ರೈವರ್‌ನ 8ನೇ ಆವೃತ್ತಿಯಲ್ಲಿ ಅದರ ಕ್ಲಾಸ್ ಹೆಸರಿನ ನಡುವೆ ‘ಸಿಜೆ’ ಎಂಬ ಎರಡಕ್ಷರ ಸೇರಿತು. ಆದ್ದರಿಂದ ಯಾವ ಡ್ರೈವರ್‌ಗೆ ಯಾವ ಹೆಸರು ಎಂಬುದನ್ನೂ ನೋಡಿಕೊಳ್ಳಬೇಕು.

ಒಂದು ಸಣ್ಣ ಫೈಲ್ ತಾನೇ, ಎಲ್ಲಿಂದ ತಂದರೇನು?

ಈ ಪ್ರಶ್ನೆಗೆ 2024ರ ಮಾರ್ಚ್ 29ರ ಘಟನೆಯೇ ಉತ್ತರ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಭಿವೃದ್ಧಿಯಲ್ಲಿ ತೊಡಗಿರುವ, ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಅಂದು ಒಂದು ಎಚ್ಚರಿಕೆ ಪ್ರಕಟಿಸಿದರು. ತಮ್ಮ ಯಂತ್ರದಲ್ಲಿ ದೂರದಿಂದ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂದು ಅವರು ಬೆನ್ನು ಹತ್ತಿ ಹೋಗಿದ್ದರು. ಸಿಕ್ಕಿದ್ದು, ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಸಾಧನದ 5.6.0 ಮತ್ತು 5.6.1 ಆವೃತ್ತಿಗಳ ಲೈಬ್ರರಿಯಲ್ಲಿ ಅಡಗಿಸಿಟ್ಟ ಕಳ್ಳಬಾಗಿಲು. ಫೈಲ್ ಕುಗ್ಗಿಸುವ ಲೈಬ್ರರಿಗೂ ಲಾಗಿನ್‌ಗೂ ಮೇಲ್ನೋಟಕ್ಕೆ ಸಂಬಂಧವೇ ಇಲ್ಲ. ಆದರೆ ಒಂದು ಲೈಬ್ರರಿ ಇನ್ನೊಂದನ್ನು, ಅದು ಮತ್ತೊಂದನ್ನು ಕರೆಯುವ ಸರಪಳಿಯಲ್ಲಿ ಅದು ಲಾಗಿನ್ ಪ್ರೋಗ್ರಾಮ್‌ನ ಒಳಗೆ ಸೇರಿಕೊಂಡಿತ್ತು. ಇದು ನಡೆದದ್ದು ಎಲ್ಲರೂ ನೋಡಬಹುದಾದ, ಹೆಸರಾಂತ ತೆರೆದ ಯೋಜನೆಯಲ್ಲಿ. ಯಾರು ನಡೆಸುತ್ತಾರೆಂದೇ ಗೊತ್ತಿಲ್ಲದ ಡಿಎಲ್‌ಎಲ್ ಡೌನ್‌ಲೋಡ್ ಸೈಟಿನಲ್ಲಿ ಏನಿದೆ ಎಂದು ನೋಡುವವರು ಯಾರು?

ಲೈಬ್ರರಿ ಎಂದರೆ ಫೋಟೊ ಅಥವಾ ಪಿಡಿಎಫ್‌ನಂತೆ ತೆರೆದು ನೋಡುವ ವಸ್ತುವಲ್ಲ, ಓಡುವ ಕೋಡ್. ಅದನ್ನು ಕರೆದ ಪ್ರೋಗ್ರಾಮ್‌ಗೆ ಯಾವ ಅಧಿಕಾರವಿದೆಯೋ ಅಷ್ಟೂ ಅಧಿಕಾರ ಅದಕ್ಕೆ ಸಿಗುತ್ತದೆ. ಡೇಟಾಬೇಸ್‌ನ ದುಭಾಷಿಯ ವಿಷಯದಲ್ಲಿ ಇದು ಇನ್ನೂ ಗಂಭೀರ, ಏಕೆಂದರೆ ಪಾಸ್‌ವರ್ಡ್ ಹೋಗುವುದು ಅದರ ಕೈಯಿಂದಲೇ, ಗ್ರಾಹಕರ ಪ್ರತಿ ಸಾಲೂ ಬರುವುದು ಅದರ ಕೈಯಿಂದಲೇ. ವಿಂಡೋಸ್ ಸಾಮಾನ್ಯವಾಗಿ ಲೈಬ್ರರಿಯನ್ನು ಮೊದಲು ಪ್ರೋಗ್ರಾಮ್ ಇರುವ ಫೋಲ್ಡರ್‌ನಲ್ಲೇ ಹುಡುಕುತ್ತದೆ. ಅಲ್ಲಿ ಅದೇ ಹೆಸರಿನ ನಕಲಿ ಫೈಲ್ ಇಟ್ಟು ಒಳನುಗ್ಗುವುದು ಹ್ಯಾಕರ್‌ಗಳ ಹಳೆಯ ತಂತ್ರ. ಫಾರ್ವರ್ಡ್ ನಂಬಿ ಪೇಸ್ಟ್ ಮಾಡುವವರು ಆ ಕೆಲಸವನ್ನು ಅವರಿಗೆ ತಾವೇ ಮಾಡಿಕೊಟ್ಟಂತೆ.

ಲಿನಕ್ಸ್ ಬಳಸುವವರಿಗೆ ಒಂದು ಮಾತು. ಒಂದು ಲೈಬ್ರರಿಗೆ ಬೇರೆ ಯಾವ ಯಾವ ಲೈಬ್ರರಿ ಬೇಕು, ಅವುಗಳಲ್ಲಿ ಯಾವುದು ಸಿಗುತ್ತಿಲ್ಲ ಎಂದು ನೋಡಲು ಎಲ್‌ಡಿಡಿ ಎಂಬ ಕಮಾಂಡ್ ಬಹಳ ಉಪಯುಕ್ತ. ಉಬುಂಟು ಪ್ರಕರಣದಂಥದ್ದನ್ನು ಒಂದೇ ನಿಮಿಷದಲ್ಲಿ ಹಿಡಿದುಕೊಡುತ್ತದೆ. ಆದರೆ ನಂಬಿಕೆಯಿಲ್ಲದ ಫೈಲ್ ಮೇಲೆ ಅದನ್ನು ನಡೆಸಬಾರದು, ಕೆಲವು ಸಂದರ್ಭಗಳಲ್ಲಿ ಪರೀಕ್ಷೆ ಮಾಡಲು ಹೋಗಿ ಆ ಫೈಲನ್ನೇ ಓಡಿಸಿದಂತಾಗುತ್ತದೆ. ಅದರ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ.

ಮೊಬೈಲ್‌ನಲ್ಲೂ ಹೀಗಾಗುತ್ತದೆಯೇ?

ಆಂಡ್ರಾಯ್ಡ್ ಆ್ಯಪ್‌ಗಳು ತಮಗೆ ಬೇಕಾದ ಲೈಬ್ರರಿಗಳನ್ನು ತಮ್ಮ ಜೊತೆಗೇ ಕಟ್ಟಿಕೊಂಡು ಬರುತ್ತವೆ. ಆದ್ದರಿಂದ ‘ನಿಮ್ಮ ಫೋನ್‌ನಲ್ಲಿ ಲೈಬ್ರರಿ ಇಲ್ಲ, ಇಲ್ಲಿ ಒತ್ತಿ’ ಎಂದು ಬ್ರೌಸರ್‌ನಲ್ಲಿ ಕಾಣಿಸಿಕೊಂಡರೆ ಅದು ಮೋಸ ಎಂದೇ ತಿಳಿಯಿರಿ. ಆದರೆ ಗೆಳೆಯರು ಶೇರ್ ಮಾಡಿದ ಎಪಿಕೆ ಹಾಕಿಕೊಂಡಾಗ ಆ್ಯಪ್ ತೆರೆದ ಕೂಡಲೇ ಮುಚ್ಚಿಹೋಗುವ ಅನುಭವ ನಿಮಗೂ ಆಗಿರಬಹುದು. ಪ್ಲೇ ಸ್ಟೋರ್ ಈಗ ಆ್ಯಪನ್ನು ತುಂಡುಗಳಾಗಿ, ನಿಮ್ಮ ಫೋನ್‌ನ ಪ್ರೊಸೆಸರ್‌ಗೆ ತಕ್ಕ ಲೈಬ್ರರಿಯ ತುಂಡನ್ನು ಪ್ರತ್ಯೇಕವಾಗಿ ಕಳಿಸುತ್ತದೆ. ಶೇರ್ ಮಾಡುವಾಗ ಮುಖ್ಯ ತುಂಡು ಮಾತ್ರ ಬಂದರೆ ಲೈಬ್ರರಿ ಅಲ್ಲೇ ಉಳಿಯುತ್ತದೆ. ನಿಮ್ಮ ಫೋನ್ ಹಾಳಾಗಿಲ್ಲ, ಆ್ಯಪ್ ಅರ್ಧ ಬಂದಿದೆ. ಪ್ಲೇ ಸ್ಟೋರ್‌ನಿಂದ ನೇರವಾಗಿ ಹಾಕಿಕೊಳ್ಳಿ.

ಸಹಾಯ ಕೇಳುವಾಗ ಏನು ಕಳಿಸಬೇಕು?

ಕಚೇರಿಯಲ್ಲಿ ಇಂಥ ಸಂದೇಶ ಬಂದಾಗ ಫೋಟೊ ತೆಗೆದು ‘ಅರ್ಜೆಂಟ್, ಯಾರಿಗಾದರೂ ಗೊತ್ತಾ?’ ಎಂದು ಹಾಕುವುದು ನಮ್ಮೆಲ್ಲರ ಅಭ್ಯಾಸ. ಫೋಟೊ ಬದಲು ಸಂದೇಶದ ಪೂರ್ತಿ ಅಕ್ಷರಗಳನ್ನು ಕಾಪಿ ಮಾಡಿ ಕಳಿಸಿ, ಕೊನೆಯ ಸಾಲಿನವರೆಗೆ. ಕಳಿಸುವ ಮುನ್ನ ಅದರಲ್ಲಿ ಪಾಸ್‌ವರ್ಡ್, ಸರ್ವರ್ ವಿಳಾಸ ಇದ್ದರೆ ಅಳಿಸಿ. ಪ್ರೋಗ್ರಾಮ್ 32 ಬಿಟ್‌ನದೋ 64ರದೋ, ಆಪರೇಟಿಂಗ್ ಸಿಸ್ಟಮ್‌ನ ಆವೃತ್ತಿ ಯಾವುದು, ಕೆಲಸ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ, ಕೈಯಿಂದ ಓಡಿಸಿದಾಗ ಏನಾಗುತ್ತದೆ, ಕೊನೆಯ ಸಲ ಸರಿಯಾಗಿ ಓಡಿದ ಮೇಲೆ ಏನು ಬದಲಾಯಿತು ಎಂಬುದನ್ನು ಬರೆಯಿರಿ. ಇಷ್ಟು ಬರೆಯುವಷ್ಟರಲ್ಲಿ ಎಷ್ಟೋ ಸಲ ಉತ್ತರ ನಿಮಗೇ ಹೊಳೆದಿರುತ್ತದೆ. ಫೈಲ್ ಬೇಕೇ ಬೇಕಾದರೆ ಡೇಟಾಬೇಸ್ ತಯಾರಿಸಿದವರ ಸೈಟ್, ಇಲ್ಲವೇ ನಿಮ್ಮ ಲಿನಕ್ಸ್‌ನ ಅಧಿಕೃತ ಪ್ಯಾಕೇಜ್ ಭಂಡಾರ, ಇವೆರಡನ್ನು ಬಿಟ್ಟು ಬೇರೆ ಕಡೆ ಹೋಗುವ ಅಗತ್ಯವಿಲ್ಲ. ಒರಾಕಲ್‌ನ ಇನ್‌ಸ್ಟಂಟ್ ಕ್ಲೈಂಟ್ ಅದರ ಸೈಟಿನಲ್ಲೇ ಉಚಿತವಾಗಿ ಸಿಗುತ್ತದೆ.

ಪೈಥಾನ್‌ನಲ್ಲಿ ಒರಾಕಲ್ ಬಳಸುವವರಿಗಾದರೆ ಈ ಫೈಲ್ ಹುಡುಕಾಟವನ್ನೇ ಬಿಡುವ ದಾರಿಯೂ ಇದೆ. 2022ರಲ್ಲಿ ಸಿಎಕ್ಸ್ ಒರಾಕಲ್ ಎಂಬ ಹಳೆಯ ಡ್ರೈವರ್‌ನ ಜಾಗಕ್ಕೆ ಪೈಥಾನ್-ಒರಾಕಲ್‌ಡಿಬಿ ಬಂತು. ಇದರ ‘ಥಿನ್’ ವಿಧಾನ ಕ್ಲೈಂಟ್ ಲೈಬ್ರರಿಯ ಹಂಗಿಲ್ಲದೆ ಡೇಟಾಬೇಸ್ ಜೊತೆ ನೇರವಾಗಿ ಮಾತಾಡುತ್ತದೆ. ಡೇಟಾಬೇಸ್ 12.1 ಅಥವಾ ಅದಕ್ಕಿಂತ ಹೊಸದಾಗಿರಬೇಕು, ಮತ್ತು ಕೆಲವು ವಿಶೇಷ ಸೌಲಭ್ಯಗಳಿಗೆ ಈಗಲೂ ‘ಥಿಕ್’ ವಿಧಾನ, ಅಂದರೆ ಹಳೆಯ ಲೈಬ್ರರಿಯೇ ಬೇಕು. ನಿಮ್ಮ ಕೆಲಸದ ಕೋಡ್‌ನಲ್ಲಿ ‘ಇನಿಟ್ ಒರಾಕಲ್ ಕ್ಲೈಂಟ್’ ಎಂಬ ಸಾಲು ಇದೆಯೇ ಎಂದು ಹುಡುಕಿ ನೋಡಿ. ಹೊಸ ಡ್ರೈವರ್‌ನಲ್ಲಿ ಆ ಸಾಲು ಇದ್ದರೆ ನೀವು ಥಿಕ್‌ನಲ್ಲಿದ್ದೀರಿ ಎಂದರ್ಥ. ಅದು ನಿಜಕ್ಕೂ ಬೇಕಾಗಿದೆಯೇ, ಇಲ್ಲ ಯಾವಾಗಲೋ ಯಾರೋ ಬರೆದು ಹಾಗೇ ಉಳಿದಿದೆಯೇ ಎಂದು ನಿಮ್ಮ ತಂಡದಲ್ಲಿ ಕೇಳಬಹುದು.